ಹನ್ನೊಂದನೇ ಕಾರ್ಡಿನವಳು

ಮನೆ, ಅಡುಗೆಕೋಣೆಯ ಮೇಜು
ಗುರುವಾರ, ಹದಿನಾಲ್ಕನೇ ತಾರೀಖು (ಕ್ಯಾಲೆಂಡರು ನೋಡಿ ಬರೆದಿದ್ದೇನೆ, ನಗಬೇಡ)

ಪ್ರೀತಿಯ ಚೂಟಿ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತೇ? ಆ ಹವಾಮಾನ ಕೇಂದ್ರದ ಮೆಟ್ಟಿಲನ್ನು ದಿನಕ್ಕೆ ಎಂಟು ಸಲ ಹತ್ತಿ ಗಾಳಿ ಅಳೆಯುವುದು ನಿನ್ನ ಕೆಲಸವೇ ಇರಬಹುದು, ಆದರೆ ನೀನು ಅಳೆಯದಿದ್ದರೂ ಗಾಳಿ ಬೀಸುತ್ತದೆ, ಸೊಂಟ ಒಮ್ಮೆ ಹೋದರೆ ವಾಪಸು ಬರುವುದಿಲ್ಲ. ಅಳಿಯಂದಿರ ಕೆಮ್ಮು ನಿಂತಿತೇ? ದ್ವೀಪದಲ್ಲಿ ತೇವ ಜಾಸ್ತಿ, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳಲಿ. ಚೆಂದ ಕಾಣುವುದಿಲ್ಲ ಅಂದರೆ ಅಲ್ಲಿ ನೋಡುವವರಾದರೂ ಯಾರಿದ್ದಾರೆ, ಹಕ್ಕಿಗಳು ತಾನೆ. ಪುಟ್ಟಿಯ ಮುಂದಿನ ಹಲ್ಲು ಬಿತ್ತೇ? ಬಿದ್ದ ಜಾಗಕ್ಕೆ ನಾಲಿಗೆ ಹಾಕುತ್ತಾ ಕೂರಬೇಡ ಅನ್ನು, ಹೊಸದು ಸೊಟ್ಟಗೆ ಬರುತ್ತದೆ. ಅವಳ ನೇರಳೆ ಸ್ವೆಟರು ಕಂಕುಳವರೆಗೂ ಬಂದಿದೆ, ತೋಳು ಎರಡು ಬಾಕಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಅಂಗಡಿಯಲ್ಲಿ ರಿಪೇರಿಗೆ ಬಂದ ಹೊಲಿಗೆಯಂತ್ರಗಳು ಜಾಸ್ತಿಯಾಗಿ ಈಗ ಮನೆಯ ಊಟದ ಮೇಜಿನ ಮೇಲೂ ಒಂದು ಕೂತಿದೆ. ಅನ್ನಕ್ಕೂ ಯಂತ್ರದ ಎಣ್ಣೆ ವಾಸನೆ.

ಚೆನ್ನಾಗಿದ್ದೇವೆ ಎಂದು ಬರೆದ ಮೇಲೆ ಪೆನ್ನು ಕೆಳಗಿಟ್ಟು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಚೂಟಿ, ನನಗೆ ಭಯವಾಗುತ್ತಿದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ಹಲೋ ಅಂದ ಕೂಡಲೇ ಎಲ್ಲಿಂದಲೋ ಒಂದು ಗಟ್ಟಿ ದನಿ ಬಂದು ನನ್ನ ಗಂಟಲಲ್ಲಿ ಕೂತುಬಿಡುತ್ತದೆ, ನೀನು ಅದನ್ನೇ ಅಮ್ಮ ಅಂದುಕೊಳ್ಳುತ್ತೀಯ. ಕಾಗದದಲ್ಲಾದರೆ ದನಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೆಡಿಕಲ್ ಕಾಲೇಜಿಗೆ ಹೋಗುವುದು ನಿನಗೆ ಗೊತ್ತು, ಅಲ್ಲಿ ಏನು ಮಾಡುತ್ತೇನೆ ಎಂಬುದನ್ನು ನೀನು ಒಂದು ಸಲವೂ ನೋಡಿಲ್ಲ. ನಾನೇ ಬಿಡಲಿಲ್ಲ. ಹೆತ್ತ ಮಗಳ ಮುಂದೆ ಸುಳ್ಳುರೋಗ ಬರಿಸಿಕೊಳ್ಳುವುದಕ್ಕೆ ನಾಚಿಕೆಯಾಗುತ್ತಿತ್ತು. ಕೆಲಸ ಇಷ್ಟೇ: ಡಾಕ್ಟರಾಗಲು ಓದುತ್ತಿರುವ ಮಕ್ಕಳ ಪರೀಕ್ಷೆಗೆ ನಾವು ರೋಗಿಗಳಾಗಿ ಕೂರಬೇಕು. ಕೈಗೊಂದು ಕಾರ್ಡು ಕೊಡುತ್ತಾರೆ. ವಯಸ್ಸೆಷ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ, ನೋವು ಎಲ್ಲಿ, ಯಾವುದನ್ನು ತಾನಾಗಿ ಹೇಳಬೇಕು, ಯಾವುದನ್ನು ಕೇಳಿದರೆ ಮಾತ್ರ ಹೇಳಬೇಕು ಎಲ್ಲ ಅದರಲ್ಲಿರುತ್ತದೆ. ಪರದೆ ಕಟ್ಟಿದ ಕೋಣೆಗೆ ಒಬ್ಬೊಬ್ಬರಾಗಿ ಬರುತ್ತಾರೆ, ಎಂಟು ನಿಮಿಷ, ಗಂಟೆ ಬಾರಿಸಿದರೆ ಎದ್ದು ಹೋಗುತ್ತಾರೆ. ಮತ್ತೊಬ್ಬ ಬಂದರೆ ಮತ್ತೆ ಮೊದಲಿನಿಂದ. ಟೀ ಕೋಣೆಯಲ್ಲಿ ನಮಗೆ ಹೆಸರಿಲ್ಲ, ರೋಗವೇ ಹೆಸರು. ಎದೆನೋವು ಇವತ್ತು ರಜ, ಕಾಮಾಲೆ ಬಿಸ್ಕತ್ತು ತಂದಿದ್ದಾಳೆ, ಹೀಗೆ. ನಾನು ಮರೆವಮ್ಮ. "ಮರೆವಮ್ಮಾ, ಸಕ್ಕರೆ ಹಾಕ್ಲಾ, ಹಾಕಿದ್ದು ಮರೆತೋಗಿದ್ಯಾ?" ಇದೇ ತಮಾಷೆ ಒಂಬತ್ತು ವರ್ಷದಿಂದ.

ನನ್ನದು ಹನ್ನೊಂದನೇ ಕಾರ್ಡು. ಅದರಲ್ಲಿರುವವಳಿಗೆ ಅರವತ್ತನಾಲ್ಕು, ಗಂಡ ತೀರಿಕೊಂಡಿದ್ದಾನೆ, ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವಳು, ಮಗಳು ದೂರದ ಊರಿನಲ್ಲಿ. ಮರೆವು ಶುರುವಾಗಿದೆ, ಅದನ್ನು ನಗೆಚಾಟಿಕೆಯಲ್ಲಿ ಮುಚ್ಚುತ್ತಾಳೆ. ಇವತ್ತು ಯಾವ ವಾರ ಎಂದು ಕೇಳಿದರೆ, "ಮನೇಲಿ ಕೂತೋರಿಗೆ ಎಲ್ಲಾ ದಿನಾನೂ ಭಾನುವಾರಾನೇ ಅಲ್ವಾ ಡಾಕ್ಟ್ರೇ" ಎಂದು ನಗುತ್ತಾಳೆ. ಆ ಮಾತು ಕಾರ್ಡಿನಲ್ಲಿರಲಿಲ್ಲ, ನಾನೇ ಸೇರಿಸಿದ್ದು. ಎಲ್ಲರಿಗೂ ಹಿಡಿಸಿತು, ಮುಂದಿನ ವರ್ಷ ಕಾರ್ಡಿನಲ್ಲೇ ಅಚ್ಚು ಹಾಕಿಸಿದರು. ಆಗ ನನಗೆ ಎಷ್ಟು ಹೆಮ್ಮೆ ಗೊತ್ತೇ. ಈಗ ನೆನೆದರೆ ಮೈ ಜುಂ ಎನ್ನುತ್ತದೆ. ನನ್ನದನ್ನು ಅವಳಿಗೆ ಕೊಟ್ಟೆ ಅಂದಮೇಲೆ ಅವಳದ್ದು ನನಗೆ ಬರುವುದಕ್ಕೂ ದಾರಿ ಇರಬೇಕಲ್ಲ.

ಇಂಥದ್ದು ಆಗದಿರಲಿ ಎಂದೇ ನಮಗೆ ತರಬೇತಿ ಕೊಡುವ ಮೇಡಂ ಒಂದು ಪದ್ಧತಿ ಇಟ್ಟಿದ್ದಾರೆ. ಮನಶ್ಶಾಸ್ತ್ರ ಓದಿದ ಹೆಂಗಸು. ಕೊನೆಯ ಗಂಟೆ ಬಾರಿಸಿದ ಮೇಲೆ ಎಲ್ಲರೂ ಸಾಲಾಗಿ ನಿಂತು, ಎದೆಯ ಮೇಲಿನ ನಂಬರು ಕಿತ್ತು, ಕೈ ಕೊಡವಿ, ಬಾಗಿಲ ಕಡೆ ಮುಖಮಾಡಿ ಮೂರು ಮಾತು ಗಟ್ಟಿಯಾಗಿ ಹೇಳಬೇಕು. ನನ್ನ ಹೆಸರು. ನಮ್ಮ ಮನೆಯ ಕಸುಬು. ಕಾರ್ಡಿನವಳಿಗೆ ಇಲ್ಲದ್ದು ನನಗೆ ಇರುವುದು ಏನು. ಇದಕ್ಕೆ ನಾವು ಕಳಚುವುದು ಅನ್ನುತ್ತೇವೆ. ನನ್ನ ಮೂರನೇ ಮಾತು ಮೊದಲಿನಿಂದಲೂ ಒಂದೇ: ನನಗೆ ಗಂಡ ಇದ್ದಾನೆ, ಅವಳಿಗೆ ಇಲ್ಲ. ಅಪ್ಪನಿಗೆ ಇದು ಗೊತ್ತಾಗಿ, "ನಾನು ಬದುಕಿದೀನಿ ಅಂತ ವಾರಕ್ಕೆರಡು ಸರ್ಟಿಫಿಕೇಟು ಕೊಡ್ತಿದೀಯಲ್ಲೇ, ನೂರು ವರ್ಷ ಗ್ಯಾರಂಟಿ" ಎಂದು ಹಿಗ್ಗಿದ್ದರು.

ಆರು ವಾರದ ಹಿಂದೆ ಸಾಲಿನಲ್ಲಿ ನಿಂತೆ. ಹೆಸರು ಬಂತು. ಹೊಲಿಗೆಯಂತ್ರ ರಿಪೇರಿ ಅಂದೆ, ಅದೂ ಬಂತು. ಮೂರನೆಯದು ಬರಲಿಲ್ಲ. ಬಾಗಿಲು ಕಾಣುತ್ತಿದೆ, ಬಾಗಿಲಿನ ಚಿಲಕ ಕಾಣುತ್ತಿದೆ, ಬಾಯಿ ತೆರೆದಿದೆ, ಅವಳಿಗೆ ಇಲ್ಲದ್ದು ನನಗೇನಿದೆ ಎಂಬುದೇ ಗೊತ್ತಾಗುತ್ತಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದೆನೋವು ಚಪ್ಪಾಳೆಯನ್ನೂ ತಟ್ಟಿದರು. ನಾನೂ ನಕ್ಕೆ, ನಗದೆ ಏನು ಮಾಡಲಿ. ಬಸ್ಸು ಹಿಡಿದು ಮನೆಗೆ ಬಂದೆ. ಮಧ್ಯಾಹ್ನ ಮೂರು ಗಂಟೆ, ಒಳ್ಳೇ ಬಿಸಿಲು, ಕಿಟಕಿಯೆಲ್ಲ ತೆರೆದಿತ್ತು. ಬಾಗಿಲು ತಳ್ಳಿದರೆ ಊಟದ ಮೇಜಿನಲ್ಲಿ ನನಗೆ ಬೆನ್ನು ಹಾಕಿ ಒಬ್ಬ ಗಂಡಸು ಕೂತಿದ್ದ. ಕೈಯೆಲ್ಲ ಎಣ್ಣೆ, ಮುಂದೆ ಯಾವುದೋ ಕಬ್ಬಿಣದ ಸಾಮಾನು ಬಿಚ್ಚಿ ಹರಡಿಕೊಂಡಿದ್ದ. ನಾನು ಒಬ್ಬಂಟಿ ಹೆಂಗಸು, ನನ್ನ ಮನೆಯಲ್ಲಿ ಇವನ್ಯಾರು, ಪಕ್ಕದ ಮನೆಯವರನ್ನು ಕೂಗಲೇ ಎಂದು ಯೋಚಿಸಿದೆ. ಚೂಟಿ, ಒಂದು ಕ್ಷಣವಲ್ಲ. ನಾನು ನಿಧಾನಕ್ಕೆ ಚಪ್ಪಲಿ ಬಿಟ್ಟು, ಶಬ್ದ ಮಾಡದೆ ಗೋಡೆಗೆ ಒರಗಿ ನಿಂತು, ಕೊಡೆ ಕೈಗೆ ತೆಗೆದುಕೊಂಡೆ. ಅಷ್ಟು ಹೊತ್ತು. ಆಮೇಲೆ ಅವರು ತಿರುಗಿ, "ಬಂದ್ಯಾ? ಒಂದು ಟೀ ಇಡು" ಅಂದರು. ಆ ದನಿ ಕೇಳಿದ ಮೇಲೆ ಮುಖ ಗುರುತು ಸಿಕ್ಕಿತು.

ಟೀ ಇಟ್ಟುಕೊಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪ ನನ್ನನ್ನೇ ನೋಡಿ, ಮೇಜು ತಟ್ಟಿ, "ನೂರಕ್ಕೆ ನೂರು ಕಣೇ, ನಾನೇ ನಂಬಿಬಿಟ್ಟಿದ್ದೆ" ಅಂದರು. ಅವರದ್ದು ತಪ್ಪಲ್ಲ. ಪರೀಕ್ಷೆಯ ಹಿಂದಿನ ದಿನ ಇದೇ ಮೇಜಿನಲ್ಲಿ ಕೂತು ಅವರ ಮುಂದೆಯೇ ತಾಲೀಮು ಮಾಡಿದವಳು ನಾನು. ಚಮಚ ಹುಡುಕಿದ್ದೇನೆ, ಚಮಚಕ್ಕೆ ಏನಂತಾರೆ ಎಂದು ತಡವರಿಸಿದ್ದೇನೆ, ಅವರು ಮಾರ್ಕು ಕೊಟ್ಟಿದ್ದಾರೆ. ಈಗ ಚಮಚ ಕಾಣದೆ ನಿಂತರೂ ಮಾರ್ಕೇ ಕೊಡುತ್ತಾರೆ.

ಹಟ ಮಾಡಿ ಅವರನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿ ಕೂತಿದ್ದ ಡಾಕ್ಟರು ಯಾರು ಅಂದುಕೊಂಡೆ? ನಾಲ್ಕು ವರ್ಷದ ಹಿಂದೆ ನನ್ನ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಪರೀಕ್ಷೆ ಕೊಟ್ಟ ಹುಡುಗ. ನನ್ನನ್ನು ನೋಡಿದ್ದೇ ಎದ್ದು ನಿಂತ. ಮೂರು ಪದ ಹೇಳಿದ, ಐದು ನಿಮಿಷ ಬಿಟ್ಟು ಕೇಳುತ್ತೇನೆ ಅಂದ: ಕೊಡೆ, ನಿಂಬೆಹಣ್ಣು, ಏಣಿ. ಒಂಬತ್ತು ವರ್ಷದಿಂದ ಸಾವಿರ ಸಲ ಕೇಳಿದ ಅದೇ ಮೂರು ಪದ. ಕಾರ್ಡಿನ ಪ್ರಕಾರ ನಾನು ನಿಂಬೆಹಣ್ಣು ಮಾತ್ರ ಹೇಳಬೇಕು. ಐದು ನಿಮಿಷದ ಮೇಲೆ ಕೇಳಿದ, ನನ್ನ ಬಾಯಲ್ಲಿ ನಿಂಬೆಹಣ್ಣು ಮಾತ್ರ ಬಂತು. ಮರೆತೆನೋ, ರೂಢಿಯೋ? ನನಗೇ ಗೊತ್ತಾಗಲಿಲ್ಲ. ಗಾಬರಿಯಾಗಿ ಇನ್ನೆರಡನ್ನೂ ಹೇಳಿದೆ. ಅದೂ ನೆನಪಿನಿಂದ ಬಂತೋ, ಬಾಯಿಪಾಠದಿಂದ ಬಂತೋ? ಪಾಸಾಗುವುದೂ ನನಗೆ ಬಾಯಿಪಾಠ, ಫೇಲಾಗುವುದೂ ಬಾಯಿಪಾಠ, ನನ್ನನ್ನು ಯಾವ ಪ್ರಶ್ನೆ ಹಾಕಿ ಹಿಡಿಯುತ್ತಾರೆ ಹೇಳು. ಹುಡುಗ ನಕ್ಕು, "ಅಮ್ಮಾ, ನಿಮ್ಮಿಂದಾನೇ ನಾನು ಪಾಸಾಗಿದ್ದು. ಸುಸ್ತಾಗಿದೆ ಅಷ್ಟೇ, ಸ್ವಲ್ಪ ದಿನ ರಜ ತಗೊಳ್ಳಿ. ಸ್ಕ್ಯಾನಿಂಗು ಬೇಕಾದ್ರೆ ಆರು ತಿಂಗಳು ಬಿಟ್ಟು ನೋಡೋಣ" ಅಂದ. ಮನೆಯಲ್ಲಿ ನಿಜವಾಗಿ ಏನಾದರೂ ಎಡವಟ್ಟು ಕಂಡರೆ ಬರೆದು ತನ್ನಿ ಎಂದು ಅಪ್ಪನಿಗೆ ಹೇಳಿದ. ಅಪ್ಪ, "ಇವಳು ಮಾಡೋದ್ರಲ್ಲಿ ಯಾವುದು ನಿಜ ಅಂತ ಬರೀಲಿ ಡಾಕ್ಟ್ರೇ" ಅಂದರು, ಇಬ್ಬರೂ ಮತ್ತೆ ನಕ್ಕರು. ತೋಳ ಬಂತು ತೋಳ ಎಂದು ಕೂಗುವುದಕ್ಕೆ ಕಾಲೇಜಿನವರೇ ನನಗೆ ಕೂಲಿ ಕೊಟ್ಟರು, ಒಂಬತ್ತು ವರ್ಷ ಕೂಗಿದೆ. ಈಗ ತೋಳ ಬಂದಿದೆ.

ಟೀ ಕೋಣೆಯಲ್ಲಿ ಸುಮ್ಮನೆ ಮಾತಿಗೆ ಎಂಬಂತೆ ಎತ್ತಿದೆ, ನಾವು ನಾವೇ ಅನ್ನುವುದಕ್ಕೆ ಏನು ಗುರುತು ಅಂತ. ಎದೆನೋವು ಮೂವತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದವರು, ಕೇಳಬೇಕೇ, ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನೆನ್ನೇದು ಇವತ್ತು ನೆನಪಿರೋ ತನಕ ನೀವು ನೀವೇ. ನೆನಪು ಹೋದ ಮೇಲೆ ಇರೋದು ಬೇರೆ ಯಾರೋ, ನಿಮ್ಮ ಚಪ್ಪಲಿ ಹಾಕ್ಕೊಂಡಿರೋರು" ಅಂದರು, ಬಿಸ್ಕತ್ತು ಅದ್ದಿ ತಿನ್ನುತ್ತಾ. ಕಾಮಾಲೆ ಒಪ್ಪಲಿಲ್ಲ. ಅವಳು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ನಕ್ಕು ನಕ್ಕು ಸವೆದವಳು. "ಅಯ್ಯೋ ಬಿಡಿ ಸಾರ್, ನಾಲ್ಕು ಜನ ಏನಂತ ಕರೀತಾರೋ ಅದೇ ನಾವು. ನಂಗೆ ಮನೆಗೆ ಹೋದ್ರೂ ಅಂಗಡಿ ನಗು ಇಳೀತಿರ್ಲಿಲ್ಲ, ಸಾವಿನ ಮನೇಲೂ ಬಾಯಿ ಹಾಗೇ ಇತ್ತು" ಅಂದಳು. ಮೇಡಂ ಮಾತ್ರ ಸಮಾಧಾನ ಹೇಳಿದರು, ಒಳಗೊಂದು ಕುರ್ಚಿ ಇದೆ, ಯಾವ ಪಾತ್ರ ಮಾಡಿದರೂ ವಾಪಸು ಬಂದು ಅಲ್ಲಿ ಕೂರಬೇಕು, ಅಷ್ಟೇ ಎಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೂವರ ಮಾತೂ ನನಗೆ ಹೆದರಿಕೆಯನ್ನೇ ತಂದಿತು. ನೆನಪಿನಿಂದ ನಾನು ಅಂದರೆ ನೆನಪು ಸೋರುತ್ತಿದೆ. ಕರೆಯುವ ಹೆಸರಿನಿಂದ ಅಂದರೆ ಎಲ್ಲರೂ ಕರೆಯುವುದು ಮರೆವಮ್ಮ ಎಂದೇ. ಇನ್ನು ಆ ಕುರ್ಚಿಗೆ ವಾಪಸು ಹೋದರೆ, ಚೂಟಿ, ಅಲ್ಲಿ ಅವಳು ಕೂತಿರುತ್ತಾಳೆ. ಸಂಗೀತದವಳು. ಮೊನ್ನೆ ಪಾತ್ರೆ ತೊಳೆಯುತ್ತಾ ಏನೋ ಹಾಡುತ್ತಿದ್ದೆ. ನನಗೆ ಹಾಡಲು ಬರುವುದಿಲ್ಲ, ನೀನು ಚಿಕ್ಕವಳಿದ್ದಾಗ ಲಾಲಿ ಹಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆಯಲ್ಲ.

ಕಾಲೇಜಿನಲ್ಲಿ ಏನೇ ಆದರೂ ಎಂಟು ನಿಮಿಷಕ್ಕೆ ಗಂಟೆ ಬಾರಿಸುತ್ತಿತ್ತು. ಆ ಗಂಟೆ ಎಂಥ ದೊಡ್ಡ ವಿಷಯ ಎಂದು ಈಗ ತಿಳಿಯುತ್ತಿದೆ. ಈಗ ಅಡುಗೆಮನೆಯಲ್ಲಿ ಡಬ್ಬಿ ಕೈಯಲ್ಲಿ ಹಿಡಿದು ಯಾಕೆ ತೆಗೆದೆ ಎಂದು ತಿಳಿಯದೆ ನಿಲ್ಲುತ್ತೇನೆ, ಕಿವಿ ತಾನಾಗಿ ಗಂಟೆಗೆ ಕಾಯುತ್ತದೆ. ಯಾರೂ ಬಾರಿಸುವುದಿಲ್ಲ.

ನಿನ್ನಿಂದ ಏನು ಬೇಕು ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ನಾನು ನಟಿಸಿದ್ದನ್ನು ನೋಡದೆ ಉಳಿದವಳು ನೀನೊಬ್ಬಳೇ. ಹೋದ ವರ್ಷ ಬಂದಾಗ ನಾನು ನಾನೇ ಆಗಿದ್ದೆನೇ, ಏನಾದರೂ ಬೇರೆ ಕಂಡಿತೇ, ನೆನಪು ಮಾಡಿಕೊಂಡು ಬರಿ. ನನ್ನ ಸಮಾಧಾನಕ್ಕೆ ಎಂದು ಬಣ್ಣ ಹಚ್ಚಬೇಡ. ಬಣ್ಣ ನಾನು ಬೇಕಾದಷ್ಟು ನೋಡಿದ್ದೇನೆ.

ಹೊಟ್ಟೆ ತುಂಬ ಉಣ್ಣಿ, ಮೆಟ್ಟಿಲು ನಿಧಾನಕ್ಕೆ ಇಳಿ. ಅಳಿಯಂದಿರಿಗೆ ನೆನೆದೆ ಎಂದು ಹೇಳು, ಪುಟ್ಟಿಯ ಕೆನ್ನೆಗೆ ನನ್ನದೊಂದು ಮುತ್ತು. ಮೂವರೂ ತಣ್ಣಗಿರಿ.

ಇಂತಿ,
ಲಾಲಿ ಹಾಡಲು ಬಾರದ ನಿನ್ನ ಅಮ್ಮ

ತಾ.ಕ.: ನಾಲ್ಕು ಗಂಟೆಗೆ ದೋಣಿಯ ಟಪಾಲು ಹೋಗುತ್ತದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಟಿಸುವ ಮುಂಚೆ ಅಪ್ಪನಿಗೆ ಓದಲು ಕೊಟ್ಟೆ. ಮೊದಲ ಪುಟದಲ್ಲೇ ನಿಂತುಬಿಟ್ಟರು. "ಪುಟ್ಟಿ ಯಾರು?" ಅಂದರು. ನಿಮ್ಮ ಮೊಮ್ಮಗಳು, ಇನ್ಯಾರು ಎಂದು ರೇಗಿದೆ. ಅವರು ನನ್ನ ಚೀಲದಿಂದ ಹನ್ನೊಂದನೇ ಕಾರ್ಡು ತಂದು ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು: ಮಗಳಿಗೆ ಆರು ವರ್ಷದ ಹೆಣ್ಣುಮಗು, ಮುಂದಿನ ಹಲ್ಲು ಅಲ್ಲಾಡುತ್ತಿದೆ. ಸ್ವೆಟರು ಪಕ್ಕದ ಮನೆಯ ಮಗುವಿಗೆ ಇರಬೇಕು ಅಂದುಕೊಂಡೇ ಅವರು ಉಣ್ಣೆ ತಂದುಕೊಟ್ಟದ್ದಂತೆ. ಚೂಟಿ, ನಿನಗೆ ಮಕ್ಕಳಿಲ್ಲ. ಅದಕ್ಕಾಗಿ ನೀನು ಅತ್ತದ್ದು ನನ್ನ ಮಡಿಲಲ್ಲೇ, ನನಗೆ ಗೊತ್ತು. ಈಗ ಗೊತ್ತು, ಬೆಳಿಗ್ಗೆ ಬರೆಯುವಾಗ ಗೊತ್ತಿರಲಿಲ್ಲ. ಅಪ್ಪ ಈ ಸಲ ನಗಲಿಲ್ಲ. ಹರಿದುಹಾಕು, ಅವಳಿಗೆ ನೋವಾಗುತ್ತೆ, ಬೇರೆ ಬರಿ ಅಂದರು. ನಾನು ಹರಿಯುವುದಿಲ್ಲ. ತಿದ್ದಿ ಬೇರೆ ಬರೆದರೆ ಅದೂ ನಟನೆಯೇ. ನಾನು ನಟಿಸದೆ ಮಾಡಿದ ತಪ್ಪು ಅಂತ ಕೈಗೆ ಸಿಕ್ಕಿರುವುದು ಇದೊಂದೇ. ನನ್ನನ್ನು ಕ್ಷಮಿಸು, ಅತ್ತು ಮುಗಿದ ಮೇಲೆ ಈ ಕಾಗದ ತೆಗೆದುಕೊಂಡು ಮುಂದಿನ ದೋಣಿಗೇ ಬಾ, ಆ ಡಾಕ್ಟರ ಹುಡುಗನಿಗೆ ತೋರಿಸಬೇಕು. ಸ್ವೆಟರು ಬಿಚ್ಚಲು ಕೂತೆ, ಆಗಲಿಲ್ಲ. ನೀನು ಬಂದು ಬಿಚ್ಚು.