ಸಮಯಕ್ಕೆ ಬಂದ ಗಂಡು

ಲುಬೆಗಾ,

ನನಗೆ ಮದುವೆಯಾಯಿತು, ಎಷ್ಟು ಸುಖವಾಗಿದ್ದೇನೆಂದರೆ ಕನ್ನಡಿ ಕಂಡಲ್ಲೆಲ್ಲ ನಗು ಬರುತ್ತದೆ. ಶನಿವಾರ ಸೆಬುನ್ಯಾ ತನ್ನವರೊಂದಿಗೆ ಹೆಣ್ಣು ಕೇಳಿ ಮದುವೆಯಾಗುವ ಶಾಸ್ತ್ರಕ್ಕೆ ಹೇಳಿದ ಹೊತ್ತಿಗೂ ಮೊದಲೇ ಬಂದ. ಮೂರು ವರ್ಷದ ಹಿಂದೆ ಇದೇ ಶಾಸ್ತ್ರಕ್ಕೆ ನೀನು ಬಂದಾಗ ಸಂಜೆಯಾಗಿತ್ತು. ಸೋದರತ್ತೆ ಗೇಟು ಹಾಕಿದ್ದಳು. ತಡವಾದ ಗಂಡು ದಂಡ ಕೊಟ್ಟರೆ ತೆಗೆಯುವುದು ನಮ್ಮ ಕಂಪಾಲಾದ ರೂಢಿ. ನೀನು ದಂಡ ಕೊಡಲು ಬಂದರೂ ಅವಳು ತೆಗೆಯಲಿಲ್ಲ. ಆಚೆಯಿಂದ ನೀನು, “ನಮಟೋವು ಬದುಕಿದಳು,” ಎಂದು ಕೂಗಿದ್ದೆ.

ಈ ಶನಿವಾರ ಊಟದ ಹೊತ್ತಿಗೆ ಆ ನಮಟೋವು ಬಂದಳು. ಕತ್ತಿನ ಕೆಳಗೆ ಹೊಲಿಗೆಯ ಗುರುತು ಇಣುಕುತ್ತಿತ್ತು. ಅಂದು ಸಂಜೆಯವರೆಗೆ ನಿನ್ನನ್ನು ಐಸಿಯುನಲ್ಲಿ ಹಿಡಿದಿಟ್ಟ ಪುಟ್ಟ ಹೃದಯ. ನಿನ್ನ ಮೊದಲ ಸಂಶೋಧನಾ ಲೇಖನ, ಕೇಪ್‌ಟೌನ್‌ನ ಹುದ್ದೆ, ಎಲ್ಲ ಅದರದೇ ಕೊಡುಗೆ. ಅವಳ ತಾಯಿ ಮದುಮಗ ನೀನೇ ಎಂದುಕೊಂಡು ಹುಂಜ ತಂದಿದ್ದಳು.

“ನಮ್ಮ ಡಾಕ್ಟ್ರು ಎಲ್ಲಿ?”

“ಅವ್ರು ಆಸ್ಪತ್ರೆ ಮಿಷನ್ನುಗಳನ್ನೇ ಕಟ್ಕೊಂಡ್ರು ಕಣಮ್ಮ. ಇವ್ನಿಗೆ ಗಡಿಯಾರ ನೋಡೋಕೆ ಬರುತ್ತೆ,” ಎಂದಳು ಸೋದರತ್ತೆ. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

“ಅವ್ರಿಗೊಂದು ಮಾತು ತಿಳಿಸ್ತೀಯೇನಮ್ಮ? ಮಗು ಸ್ಕೂಲಿಗೆ ಹೋಗ್ತಿದೆ ಅಂತ.”

“ಅವ್ರಿಗೆ ನಿಮ್ಮ ಮಗಳ ಹೆಸರೂ ನೆನಪಿಲ್ಲ,” ಎಂದೆ.

ಆಕೆ ಹುಂಜವನ್ನು ಸೆಬುನ್ಯಾನ ಕೈಗೆ ಕೊಟ್ಟಳು. ಮರುದಿನ ಬಾಳೆಕಾಯಿ ಬೇಯಿಸಿದ ಮಟೋಕೆಯ ಜೊತೆ ಅದು ಬಹಳ ರುಚಿಯಾಗಿತ್ತು.

ಹುಡುಗಿ ಅಂಗಳದ ತುಂಬ ಓಡಿದಳು. ಏದುಸಿರು ಕೂಡ ಬರಲಿಲ್ಲ. ನೀನು ಬರುವುದಿಲ್ಲವೆಂದು ತಾಯಿ ಹೇಳಿದರೂ ನಂಬದೆ ಗೇಟಿನ ಬಳಿ ನಿಂತು ನೀನು ಬರುವ ದಾರಿ ನೋಡಿದಳು. ಗೇಟು ಇಡೀ ದಿನ ತೆರೆದೇ ಇತ್ತು. ನಾನೂ ಸ್ವಲ್ಪ ಹೊತ್ತು ಅವಳ ಜೊತೆ ನಿಂತಿದ್ದೆ.

ನಕಿಬೂಕಾ