ಹಿನ್ನೆಲೆಯ ಉಳಿದರ್ಧ

ಮಂಗಳವಾರ, ಜುಲೈ 8. ಸಂಜೆ

ಪಠ್ಯದ ಕಾದಂಬರಿಯ ಹಿಂದಿನ ಈ ಕಥೆಯನ್ನು ಮೊದಲು ಹೇಳಿದ್ದು ಸೋದರತ್ತೆ. ನನಗಾಗ ಹತ್ತು ವರ್ಷ. ಆ ಕಾದಂಬರಿ ಅಚ್ಚಾದ ಪ್ರೆಸ್ಸಿನಲ್ಲಿ ಅವಳು ಅಚ್ಚಿನ ಮೊಳೆ ಜೋಡಿಸುತ್ತಿದ್ದಳು. ಇವತ್ತು ನಾನು ಕ್ಲಾಸಿನಲ್ಲಿ ಹೇಳಿದೆ. ಕಥೆ ಹೇಳುವುದೇ ಅಪರಾಧವಾದ ಊರಿನ ಕಾದಂಬರಿ. ಓದುವ ಮುನ್ನ ಬರೆದವಳು ಯಾರು, ಕಾಲ ಎಂಥದ್ದು, ತಿಳಿಯಬೇಡವೇ?

ಮುಂದಿನ ಬೆಂಚಿನ ಕನ್ನಡಕದವಳು: "ಸರ್, ಹಿನ್ನೆಲೆ ಪರೀಕ್ಷೆಗೆ ಬರತ್ತಾ?"

"ಬರಲ್ಲಮ್ಮ. ಅದಕ್ಕೇ ನೆಮ್ಮದಿಯಾಗಿ ಕೇಳು."

ಲೇಖಕಿಯ ತಾಯಿ ಬಾಯಿ ತೆರೆದರೆ ಕಥೆ. ಇಡೀ ಬೀದಿ ಅವಳ ಮೆಟ್ಟಿಲ ಮೇಲೆ. ಒಂದು ದಿನ ಆ ಮನೆಗೊಂದು ಕಾಗದ ಬಂತು... ಅಲ್ಲಿಗೆ ನಿಲ್ಲಿಸಿಬಿಟ್ಟೆ. "ಅನ್ಯಾಯ ಸರ್!" ಎಂದು ಗದ್ದಲ. ಹಸಿವಿರುವಾಗಲೇ ತಟ್ಟೆ ಎತ್ತಬೇಕು ಎನ್ನುತ್ತಿದ್ದಳು ಅತ್ತೆ. ಮಾರನೆಯ ದಿನ ತಾವಾಗಿಯೇ ಬಂದು ಕೂರುತ್ತಾರೆ.

ಉಳಿದದ್ದು ನಾಳೆಗೆ. ಕಾಗದದಲ್ಲಿ ಒಂದೇ ಪ್ರಶ್ನೆ: ನಿಮಗೆ ತಿಳಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಥೆ ಹೇಳುವವರು ಯಾರು? ಬಹುಮಾನವಿರಬೇಕೆಂದು ಮಗಳೇ ತಾಯಿಯ ಹೆಸರು ಬರೆದಳು, ದುಂಡಗೆ. ಮೂರನೆಯ ದಿನ ಕರೆದೊಯ್ದರು. ತಾಯಿ ಮತ್ತೆ ಬರಲಿಲ್ಲ. ಅದೇ ಕೈ ಮುಂದೆ ಕಾದಂಬರಿ ಬರೆಯಿತು.

ಬುಧವಾರ, 9

ಜ್ವರ. ಗಂಟಲು ಪೂರ್ತಿ ಕಟ್ಟಿದೆ. ಕಷಾಯ ತಂದಿಟ್ಟ ಹೆಂಡತಿ: "ನಿಮ್ಮ ಬಾಯಿಗೂ ಒಂದಿನ ರಜಾ ಬೇಡ್ವಾ? ನನ್ನ ಕಿವಿಗಂತೂ ಬೇಕಿತ್ತು."

ಶುಕ್ರವಾರ, 11. ಬೆಳಿಗ್ಗೆ 9.50, ಸ್ಟಾಫ್ ರೂಮ್

ಎರಡು ದಿನದ ಜ್ವರ ಬಿಟ್ಟು ಬಂದೆ. ಗುಮಾಸ್ತರು ನಗುತ್ತ ಕೈ ಕುಲುಕಿದರು. "ಪಾರ್ಟಿ ಯಾವಾಗ ಸರ್? ಕ್ಲಾಸಿಗೆ ಕ್ಲಾಸೇ ನಿಮ್ಮನ್ನ ಆರಿಸಿದೆ!"

"ಯಾವುದಕ್ಕೆ?"

ಮಿಕ್ಕಿದ್ದ ಒಂದು ಫಾರಂ ತೋರಿಸಿದರು. ಮೇಲಿನ ಆಫೀಸಿನಿಂದ ಬಂದದ್ದಂತೆ. ಒಂದೇ ಪ್ರಶ್ನೆ. ಅತ್ತೆ ಹೇಳಿದ್ದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ... ತುಂಬಿದವು ನಿನ್ನೆಯೇ ಹೋಗಿವೆ.

ಕನ್ನಡಕದವಳನ್ನು ಕರೆಸಿದೆ.

"ಬುಧವಾರ ಬೆಳಿಗ್ಗೆ ಕೊಟ್ರು ಸರ್. ನಿಮ್ಮ ಕಥೇಲಿ ಬಂದ ಕಾಗದ ಇದೇ ಅಂದ್ಕೊಂಡ್ವಿ. ನೀವೇ ಆಟ ಆಡಿಸ್ತಿದ್ದೀರಾ ಅಂತ. ಮೂವತ್ತೆಂಟು ಜನಾನೂ ನಿಮ್ಮ ಹೆಸರೇ ಬರೆದ್ವಿ."

ಮುಖದ ತುಂಬ ಬೆಳಕು ಅವಳಿಗೆ.

"ನಾನು ನಿಮ್ಮನೆ ದಾರಿ ನಕ್ಷೇನೂ ಹಾಕಿದ್ದೀನಿ ಸರ್. ಹುಡ್ಕೋರಿಗೆ ಕಷ್ಟ ಆಗ್ಬಾರ್ದಲ್ವಾ?"

ಒಳ್ಳೇದಾಯ್ತಮ್ಮ, ಅಂದೆ. ಅವಳನ್ನು ಕ್ಲಾಸಿಗೆ ಕಳಿಸಿದೆ. ಇವತ್ತು ಮೂರನೆಯ ದಿನ. ಉಳಿದರ್ಧ ಈಗಲೇ ಹೇಳಿಬಿಡಬೇಕು. ಬೆಲ್ ಆಗುವ ಮುಂಚೆ. ಮಕ್ಕಳೆಲ್ಲ ಕಾದು ಕೂತಿ—