ನಿಂಬೆವ್ವ ಒಪ್ಪಿರಲಿಲ್ಲ

ಕ್ರಿ.ಶ. ೨೧೮೭, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ
ಕೃಷ್ಣೆಯ ಹಿನ್ನೀರು, ದಕ್ಷಿಣ ದಡದ ನಿಲ್ದಾಣ

ನೂರೈವತ್ತು ವರ್ಷಗಳ ಹಿಂದಿನ ಹಿರಿಯರಿಗೆ ದಾನಮ್ಮ ಮಾಡುವ ನಮಸ್ಕಾರಗಳು.

ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದದ್ದರಿಂದ ನಮ್ಮವರು ಉರಿ ತಿಂಗಳು ಎಂದು ಇನ್ನೊಂದನ್ನು ಸೇರಿಸಿಕೊಂಡಿದ್ದಾರೆ. ಇಲ್ಲಿ ಅಕ್ಷರ ಬಲ್ಲವರು ಊರಿಗೊಬ್ಬರು. ಬಾಗಿಲು, ಔಷಧಿಯ ಶೀಶೆ, ಬೀಜದ ಚೀಲ ಎಲ್ಲವೂ ಬಾಯಿಬಿಟ್ಟು ಮಾತಾಡುವಾಗ ಓದು ಕಲಿಯುವ ಉಸಾಬರಿ ಯಾರಿಗೆ ಬೇಕು? ಕಾನೂನಿನ ಕಾಗದ ಮಾತ್ರ ಇನ್ನೂ ಮೂಕ. ಅದನ್ನು ಓದಿ ಹೇಳಲೆಂದೇ ನಿಲ್ದಾಣಗಳಲ್ಲಿ ನಮ್ಮಂಥ ಓದುಗಿತ್ತಿಯರನ್ನು ನೇಮಿಸುತ್ತಾರೆ.

ಹಿನ್ನೀರು ದಾಟಲು ನಮಗಿರುವುದು ತೂಗುಬಂಡಿ: ತಂತಿಗೆ ಕೊಕ್ಕೆ ಹಾಕಿ ನೇತುಬಿಟ್ಟ, ಎಂಟು ಜನ ಕೂರುವ ಪೆಟ್ಟಿಗೆ. ಹತ್ತುವ ಮೊದಲು ಪ್ರತಿಯೊಬ್ಬರೂ ಒಪ್ಪಿಗೆಯ ಹಲಗೆಗೆ ಹೆಬ್ಬೆರಳು ಒತ್ತಬೇಕು. ಅದರಲ್ಲಿ ನಲವತ್ತೊಂದು ಸಾಲುಗಳಿವೆ. ಏನಾದರೂ ಆದರೆ ಕಂಪನಿ ಹೊಣೆಯಲ್ಲ ಎಂಬುದೇ ಅವುಗಳ ಸಾರ. ಓದಿ ಹೇಳಲು ಹನ್ನೊಂದು ನಿಮಿಷ ಬೇಕು, ಬಂಡಿ ಬರುವುದು ಆರು ನಿಮಿಷಕ್ಕೊಂದು. ಹಾಗಾಗಿ ನಮ್ಮ ಕಸುಬಿನಲ್ಲಿ ಒಂದು ರೂಢಿ ಬೆಳೆಯಿತು. ಓದುಗಿತ್ತಿ ಅಂಗೈ ಎತ್ತಿದರೆ ಓದಿದಂತೆ. ಜನ ಒತ್ತಿ ಮುಂದೆ ಸಾಗುತ್ತಾರೆ. ಒಂಬತ್ತು ವರ್ಷ ನಾನು ಹೀಗೆ ಅಂಗೈ ಎತ್ತಿದ್ದೇನೆ. ಸಂಜೆ ತೋಳು ನೋಯುತ್ತಿತ್ತೇ ಹೊರತು ಗಂಟಲು ಒಂದು ದಿನವೂ ನೋಯಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ನನ್ನನ್ನು ಸಾಕಿದ ಚಿಕ್ಕಮ್ಮ ನಿಂಬೆವ್ವ ಸಾಲಿನಲ್ಲಿ ಬಂದಳು. ಆಚೆ ದಡದಲ್ಲಿ ಮಗಳು ಶರಣವ್ವನ ಬಾಣಂತನ. ಕೈಯಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ. ಎಲ್ಲರಂತೆ ಒತ್ತದೆ ಹಲಗೆಯ ಮುಂದೆ ನಿಂತುಬಿಟ್ಟಳು.

“ಇದ್ರಾಗ ಏನ್ ಬರದಾರವ್ವಾ? ಒಂದೀಟು ಓದಿ ಹೇಳು,” ಎಂದಳು.

ಹಿಂದಿನವರು ಗೊಣಗತೊಡಗಿದರು. ನಮ್ಮವಳೇ ಹೀಗೆ ಮಾಡಿದಳಲ್ಲ ಎಂದು ನನಗೆ ನಾಚಿಕೆಯಾಯಿತು.

“ಏನಿಲ್ಲ ಚಿಗವ್ವ, ಎಲ್ಲಾರೂ ಒತ್ತತಾರ, ನೀನೂ ಒತ್ತು. ಸುಮ್ನ ಹೊತ್ತಾಗತೈತಿ,” ಎಂದು ಅಂಗೈ ಎತ್ತಿದೆ.

ನನ್ನ ಮಾತು ನಂಬಿ ಒತ್ತಿದಳು. ನಡುನೀರಿನ ಮೇಲೆ ಕೊಕ್ಕೆ ಕಳಚಿತು. ಎಂಟು ಜನರಲ್ಲಿ ಯಾರೂ ಬದುಕಲಿಲ್ಲ. ಕೊಕ್ಕೆಗಳು ಸವೆದಿವೆ, ಪ್ರಯಾಣಿಕರು ಇದನ್ನು ತಿಳಿದೇ ಹತ್ತುತ್ತಿದ್ದಾರೆ ಎಂದು ಹತ್ತೊಂಬತ್ತನೆಯ ಸಾಲಿನಲ್ಲಿ ಬರೆದಿತ್ತು.

ಶರಣವ್ವ ನ್ಯಾಯಾಲಯಕ್ಕೆ ಹೋದದ್ದು ಪರಿಹಾರಕ್ಕಲ್ಲ. ಸಾವಿನ ದಾಖಲೆಯಲ್ಲಿ ‘ಮೃತಳು ತಿಳಿದು ಒಪ್ಪಿದ್ದಳು’ ಎಂದಿದೆ. ಆ ಒಂದು ವಾಕ್ಯ ಅಳಿಸಿ ಎಂದಷ್ಟೇ ಕೇಳಿದಳು. ನಾನು ಕಟಕಟೆಯಲ್ಲಿ ನಿಂತು, ಓದಿ ಹೇಳಲಿಲ್ಲ, ತಪ್ಪು ನನ್ನದು ಎಂದೆ. ಜೈಲಿಗೆ ಹಾಕುತ್ತಾರೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಹೋಗಿದ್ದೆ. ಹಾಕಲಿಲ್ಲ. ನ್ಯಾಯಾಧೀಶರು ನಿಮ್ಮ ಕಾಲದ ದಾಖಲೆಗಳನ್ನು ತರಿಸಿದರು. ನಿಮಗೆ ಓದಲು ಬರುತ್ತಿತ್ತು. ಆದರೂ ಕೈಯಲ್ಲಿದ್ದ ಪುಟ್ಟ ಗಾಜಿನ ಮೇಲೆ ‘ಒಪ್ಪಿದ್ದೇನೆ’ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಿದ್ದೀರಿ, ಕೋಟಿಗಟ್ಟಲೆ ಸಲ. ಓದಬಲ್ಲವರೇ ಓದದೆ ಒಪ್ಪುವುದು ನೂರೈವತ್ತು ವರ್ಷಗಳ ರೂಢಿಯಾಗಿರುವಾಗ ಓದಲಾರದವಳಿಗೆ ಬೇರೆ ನ್ಯಾಯವಿಲ್ಲ ಎಂದು ತೀರ್ಪಾಯಿತು. ಆ ವಾಕ್ಯ ಹಾಗೇ ಉಳಿಯಿತು.

ಶರಣವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮಗುವಿಗೆ ತನ್ನ ತಾಯಿಯ ಹೆಸರಿಟ್ಟಿದ್ದಾಳಂತೆ, ನಾನಿನ್ನೂ ಕಂಡಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ; ಆದರೆ ಎತ್ತಿದ ಕೈ ನನ್ನದು.

ಶರಣವ್ವ ಮೇಲ್ಮನವಿ ಹಾಕಿದ್ದಾಳೆ. ಆ ರೂಢಿಗೆ ತಲೆಬಾಗದವರು ಒಬ್ಬರಾದರೂ ಇದ್ದರೆಂದು ತೋರಿಸಿದರೆ ತೀರ್ಪು ನಿಲ್ಲದು ಎನ್ನುತ್ತಾರೆ ವಕೀಲರು. ನಿಮ್ಮ ಕಾಲದ ದಾಖಲೆಗಳನ್ನು ನಾನೇ ಕೂತು ಓದುತ್ತಿದ್ದೇನೆ, ಈಗ ಒಂದು ಸಾಲೂ ಬಿಡದೆ. ಇದುವರೆಗೆ ಯಾರೂ ಸಿಕ್ಕಿಲ್ಲ. ದಯವಿಟ್ಟು ನಿಮ್ಮಲ್ಲಿ ಯಾರಾದರೂ ಒಂದೇ ಒಂದು ಸಲ ಪೂರ್ತಿ ಓದಿ, ಇದಕ್ಕೆ ನಾನು ಒಪ್ಪುವುದಿಲ್ಲ ಎಂದು ಬರೆದು, ಹೆಸರು, ತಾರೀಖು ಹಾಕಿ ಇಟ್ಟಿರಿ. ನಮಗೆ ಒಬ್ಬರು ಸಾಕು.

ನಿಮ್ಮ ಮುಂದಿನವಳು,
ದಾನಮ್ಮ